ಕಾರಾಪುರದ ಸಾಬು

ಹಳೆಯ ಹಾಲಿವುಡ್ ಚಿತ್ರಗಳ ಹುಚ್ಚಿರುವವರು ಗ್ಯಾರಿ ಕೂಪರ್, ಇಂಗ್ರಿಡ್ ಬರ್ಗ್‌ಮನ್ ಎನ್ನುತ್ತಾ ಹೋಗುತ್ತಾರೆ. ನನಗೆ ಮೊದಲು ನೆನಪಾಗುವುದು ನಮ್ಮ ಎಚ್.ಡಿ. ಕೋಟೆ ಕಡೆಯ ಹುಡುಗ. ಸಾಬು ಹುಟ್ಟಿದ್ದು 1924ರಲ್ಲಿ, ಕಬಿನಿ ತೀರದ ಕಾರಾಪುರದಲ್ಲಿ. ಅಪ್ಪ ಮೈಸೂರು ಮಹಾರಾಜರ ಮಾವುತ. ಕಿಪ್ಲಿಂಗ್ ಕಥೆಯೊಂದನ್ನು ಚಿತ್ರ ಮಾಡಲು ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದಾಗ, ಅಪ್ಪನನ್ನು ಕಳೆದುಕೊಂಡಿದ್ದ ಈ ಹುಡುಗ ಆನೆಲಾಯದಲ್ಲಿ ಕಣ್ಣಿಗೆ ಬಿದ್ದ.

1937ರ ‘ಎಲಿಫೆಂಟ್ ಬಾಯ್’ ನೋಡಿ. ಸ್ಟುಡಿಯೊದಲ್ಲಿ ತೆಗೆದ ಭಾಗಗಳು ಸಪ್ಪೆ, ಒಪ್ಪಿಕೊಳ್ಳೋಣ. ಆದರೆ ಸಾಬು ಆನೆಯ ಕುತ್ತಿಗೆಯ ಮೇಲೆ ಕೂತನೆಂದರೆ ಅಲ್ಲಿ ನಟನೆಯೇ ಇಲ್ಲ. ಅದು ಮನೆ ಜಗಲಿ ಮೇಲೆ ಕೂತ ಹಾಗೆ. ಅಂಥ ಸಲುಗೆಯನ್ನು ಯಾವ ನಿರ್ದೇಶಕ ಹೇಳಿಕೊಟ್ಟಾನು?

‘ದಿ ಥೀಫ್ ಆಫ್ ಬಾಗ್ದಾದ್’ (1940) ಅವನ ಅತ್ಯುತ್ತಮ ಚಿತ್ರ. ಇಂಗ್ಲೆಂಡಿನಲ್ಲಿ ಶುರುವಾಗಿ, ಯುದ್ಧದ ದೆಸೆಯಿಂದ ಅಮೆರಿಕಾದಲ್ಲಿ ಮುಗಿದ ಈ ಚಿತ್ರಕ್ಕೆ ಮೂರು ಆಸ್ಕರ್ ಬಂದವು. ಬಾಟಲಿಯಿಂದ ಹೊರಬಂದ ದೈತ್ಯನನ್ನು ಮಾತಿನಲ್ಲೇ ಮರುಳು ಮಾಡಿ ಮತ್ತೆ ಒಳಗೆ ತೂರಿಸುವಾಗಿನ ಆ ತುಂಟ ಕಣ್ಣು! ನಾಯಕ ಬೇರೊಬ್ಬನಿದ್ದ ಎಂಬುದೇ ಮರೆತುಹೋಗುತ್ತದೆ.

‘ಕೋಬ್ರಾ ವುಮನ್’ ಥರದವು ಬರೀ ಬಣ್ಣದ ಸಂತೆ. ಹಾಲಿವುಡ್ ಅವನಿಗೆ ಮತ್ತೆ ಮತ್ತೆ ಕಾಡು, ಪೇಟ, ಬರಿಮೈಯನ್ನೇ ಕೊಟ್ಟಿತು. ‘ಬ್ಲ್ಯಾಕ್ ನಾರ್ಸಿಸಸ್’ನಲ್ಲಿ (1947) ಮಾತ್ರ ರೇಷ್ಮೆ ತೊಟ್ಟು, ಅತ್ತರು ಪೂಸಿಕೊಂಡು ಬರುವ ರಾಜಕುಮಾರನಾದ, ಎಷ್ಟು ಚೆನ್ನಾಗಿ ಜಂಬ ಮಾಡುತ್ತಾನೆ! ನಡುವೆ ಅಮೆರಿಕಾದ ಪ್ರಜೆಯಾಗಿ, ಯುದ್ಧವಿಮಾನದ ಬಾಲದಲ್ಲಿ ಬಂದೂಕು ಹಿಡಿದು ಕೂತದ್ದೂ ಉಂಟು. 1963ರಲ್ಲಿ, ಇನ್ನೂ 39ರಲ್ಲೇ, ಹೃದಯಾಘಾತದಿಂದ ತೀರಿಕೊಂಡ.