ಮಣ್ಣಿನ ಹಕ್ಕಿ, ಮುಟ್ಟದ ಮನುಷ್ಯ

ಜಯನಗರದ ಮನೆಯೊಂದರಲ್ಲಿ ಇಟ್ಟಿದ್ದ ಸಿರಾಮಿಕ್ ಶಿಲ್ಪಗಳನ್ನು ನೋಡಿ ಬಂದೆ. ಎದುರುಬದುರು ಎರಡು ಮನುಷ್ಯ ತಲೆ, ನಡುವೆ ಬಿಳಿ ಹಕ್ಕಿ. ಇನ್ನೊಂದರಲ್ಲಿ ದೂರ ದೂರ ಕೂತ ಗಂಡು ಹೆಣ್ಣು, ಇಬ್ಬರ ಹೆಗಲಿಗೂ ರೆಕ್ಕೆ ಚಾಚಿದ ಹಕ್ಕಿ. ಕೆಳಗೆ 'ಮನುಷ್ಯ ಸಂಬಂಧ' ಅಂತ ಚೀಟಿ. ಕೈ ಪಳಗಿದೆ, ಅನುಮಾನವಿಲ್ಲ. ರೆಕ್ಕೆಯ ಅಂಚಿನಲ್ಲಿ ಮೆರುಗು ತೆಳುವಾಗಿ ಒಳಗಿನ ಕಂದು ಮಣ್ಣು ಇಣುಕುವ ಕಡೆ ನಾನೂ ನಿಂತು ನೋಡಿದೆ. ಆದರೆ ಒಂದರಲ್ಲೂ ಮನುಷ್ಯ ಮನುಷ್ಯನನ್ನು ಮುಟ್ಟಿಲ್ಲ. ಮುಟ್ಟುವ ಕೆಲಸವನ್ನು ಹಕ್ಕಿಗೆ ಒಪ್ಪಿಸಿಬಿಟ್ಟಿದ್ದಾರೆ.

ಗೆಳೆಯರೇ, ಮಣ್ಣಿನಲ್ಲಿ ಸಂಬಂಧದ ಮಾತಾಡುವವರಿಗೆ ಮಣ್ಣಿನ ಚರಿತ್ರೆಯೂ ಗೊತ್ತಿರಬೇಕು. ನಾವು ಮುಟ್ಟಿದ ತಾಮ್ರದ ಚೊಂಬನ್ನು ಹುಣಸೆಹಣ್ಣು ಹಾಕಿ ತಿಕ್ಕಿದರೆ ಮಡಿ. ಮುಟ್ಟಿದ ಮಡಕೆಯನ್ನು ಮಾತ್ರ ಎಸೆಯಲೇಬೇಕು. ಮಣ್ಣು ಮೈಲಿಗೆಯನ್ನು ಹೀರಿಕೊಳ್ಳುತ್ತದಂತೆ! ಚಂಡಾಲರಿಗೆ ಒಡಕು ಪಾತ್ರೆಯಲ್ಲಿ ಅನ್ನ ಕೊಡಿ ಅಂತ ಮನುಸ್ಮೃತಿಯ ಹತ್ತನೆಯ ಅಧ್ಯಾಯ ಬರೆದಿಟ್ಟಿದೆ. 1927ರ ಡಿಸೆಂಬರ್ 25ರಂದು ಬಾಬಾಸಾಹೇಬರು ಮಹಾಡದಲ್ಲಿ ಸುಟ್ಟದ್ದು ಅದನ್ನೇ.

ಹಕ್ಕಿಯಾದರೂ ಎಂಥದು? ಹೆಚ್ಚಿನವು ಬಿಳಿ ಪಾರಿವಾಳ. ಅಲ್ಲಿಂದ ಅಷ್ಟೇನೂ ದೂರವಲ್ಲದ ಮಡಿವಾಳ ಕೆರೆಯ ಹೆಜ್ಜಾರ್ಲೆ ಇಲ್ಲ, ನೀರುಕಾಗೆ ಇಲ್ಲ. ಊರ ಕಾಗೆಯಂತೂ ಇಲ್ಲವೇ ಇಲ್ಲ. ತಿಥಿಯ ದಿನ ಕಾಗೆ ಪಿಂಡ ಮುಟ್ಟಿದರೆ ಸತ್ತವರಿಗೆ ತೃಪ್ತಿ. ಅದೇ ಅನ್ನವನ್ನು ನಮ್ಮಪ್ಪ ಮುಟ್ಟಿದ್ದರೆ? ಕಾಗೆಗೆ ಸಿಗುವ ಅಂಗಳ ಮನುಷ್ಯನಿಗೆ ಸಿಗದ ಊರಿನಲ್ಲಿ ಹಕ್ಕಿಯನ್ನು ಸುಮ್ಮನೆ ಸ್ವಾತಂತ್ರ್ಯದ ಸಂಕೇತ ಅಂದುಬಿಡಲು ನನಗಾಗದು.

ಪಾರಿವಾಳಕ್ಕೆ ಶಾಂತಿಯ ಪಟ್ಟ ಕಟ್ಟಿದವರಲ್ಲಿ ಪಿಕಾಸೋ ದೊಡ್ಡವನು. 1949ರ ಪ್ಯಾರಿಸ್ ಶಾಂತಿ ಸಮ್ಮೇಳನದ ಭಿತ್ತಿಪತ್ರದ ಪಾರಿವಾಳ ಅವನದು. ಆ ವರ್ಷಗಳಲ್ಲೇ ಫ್ರಾನ್ಸಿನ ವಲ್ಲೋರಿಸ್ ಎಂಬ ಕುಂಬಾರರ ಊರಲ್ಲಿ, ಮದೂರಾ ಕಾರ್ಖಾನೆಯಲ್ಲಿ, ಮಣ್ಣಿನ ಪಾರಿವಾಳಗಳನ್ನೂ ಮಾಡಿದ. ತಿಗರಿಯ ಮೇಲೆ ಹೂಜಿ ಎತ್ತಿಕೊಡುತ್ತಿದ್ದವನು ಜೂಲ್ ಅಗಾರ್. ಹಸಿ ಹೂಜಿಯನ್ನು ಬಗ್ಗಿಸಿ, ಹಿಸುಕಿ ಹಕ್ಕಿ ಮಾಡಿದವನು ಪಿಕಾಸೋ. ಆ ಹಕ್ಕಿಯೊಳಗೆ ನಾಲ್ಕು ಕೈ ಇವೆ, ಲೋಕಕ್ಕೆ ಗೊತ್ತಿರೋದು ಎರಡೇ. ಜಯನಗರದ ಚೀಟಿಗಳಲ್ಲೂ ಮಣ್ಣು ತುಳಿದವರ, ಆವಿಗೆ ಕಾದವರ ಹೆಸರಿಲ್ಲ. ಸಂಬಂಧ ಅಲ್ಲಿಂದಲೇ ಶುರುವಾಗಬೇಕಿತ್ತಲ್ಲ?

ಕಸುಬು ಬಲ್ಲವರನ್ನು ಕೇಳಿ. ಎರಡು ಹಸಿ ತುಂಡು ಕೂಡಿಸಬೇಕಾದರೆ ಎರಡರ ಮೈಯನ್ನೂ ಗೀರಬೇಕು. ಗೀರಿದ ಕಡೆ ತೆಳು ಕೆಸರು ಬಳಿದು ಒತ್ತಬೇಕು. ಎರಡೂ ಒಂದೇ ಹದದಲ್ಲಿರಬೇಕು. ಒಂದು ಒಣಗಿ ಇನ್ನೊಂದು ಹಸಿಯಿದ್ದರೆ ಕುಗ್ಗೋದು ಬೇರೆ ಬೇರೆ. ಬೆಸುಗೆಯಲ್ಲೇ ಬಿರುಕು ಬಿಡುತ್ತೆ. ಮೇಲೆ ಮೆರುಗು ಬಳಿದು ಮುಚ್ಚಿದರೂ ಆವಿಗೆಯ ಬೆಂಕಿ ಬಯಲು ಮಾಡುತ್ತೆ. ನಮ್ಮ ಮೈ ಮಾತ್ರ ಗೀರಿ ಸಾಮರಸ್ಯ ಅನ್ನುವವರು ಒಮ್ಮೆ ಈ ಮಣ್ಣನ್ನು ಮುಟ್ಟಿ ನೋಡಲಿ.

ಮೂಲೆಯಲ್ಲೊಂದು ಸಣ್ಣ ಶಿಲ್ಪವಿತ್ತು. ಮೆರುಗಿಲ್ಲದ ಸುಟ್ಟ ಕೆಂಪು ಮಣ್ಣು. ಹೆಂಗಸೊಬ್ಬಳು ಕೋಳಿಯನ್ನು ಕಂಕುಳಲ್ಲಿ ಅವುಚಿಕೊಂಡಿದ್ದಾಳೆ. ತೋಳು ರೆಕ್ಕೆಗೆ ಕೂಡುವ ಕಡೆ ಮಾಡಿದವರ ಹೆಬ್ಬೆರಳಿನ ಗುರುತು ಹಾಗೇ ಉಳಿದಿದೆ. ಸಂತೆಗೆ ಹೊರಟ ನಮ್ಮವ್ವ ಕೋಳೀನ ಹಿಡಿಯುತ್ತಿದ್ದುದು ಹೀಗೇ. ಅದರ ಕೆಳಗೆ ಚೀಟಿ ಇರಲಿಲ್ಲ.