ಕ್ಲಬ್ಬಿನ ಚರಿತ್ರೆ ಯಾರ ಸ್ವತ್ತು? – ವಿಂಬಲ್ಡನ್ ಪ್ರಕರಣದ ಒಂದು ವಿಮರ್ಶೆ

ಇಂಗ್ಲೆಂಡಿನ ಕಾಲ್ಚೆಂಡಾಟದ ಚರಿತ್ರೆಯನ್ನು ಕುರಿತು ಬರೆಯುವವರಲ್ಲಿ ಒಂದು ಅಭಿಪ್ರಾಯ ಬಹುವಾಗಿ ಬಳಕೆಯಲ್ಲಿದೆ. ಮೊದಲು ಆಟವು ಆಟಕ್ಕಾಗಿಯೇ ಇದ್ದಿತು. ಅನಂತರ ಹಣ ಬಂದಿತು. ಹಣ ಬಂದೊಡನೆ ಹಳೆಯ ಅಭಿಮಾನಿ ಹೊರಗಾದನು ಎಂಬುದೇ ಆ ಅಭಿಪ್ರಾಯ. ಕೇಳುವುದಕ್ಕೆ ಇದು ಹಿತವಾದ ಮಾತು. ಆದರೆ ಕಾಲಗಣನೆಯ ಮುಂದೆ ನಿಲ್ಲತಕ್ಕದ್ದಲ್ಲ. ವೇತನ ಪಡೆದು ಆಡುವ ಪದ್ಧತಿಗೆ ಅಲ್ಲಿಯ ಫುಟ್‌ಬಾಲ್ ಅಸೋಸಿಯೇಷನ್ನು 1885ರಲ್ಲಿಯೇ ಸಮ್ಮತಿಯಿತ್ತಿತು. 1888ರಲ್ಲಿ ಲೀಗ್ ಪಂದ್ಯಗಳು ಆರಂಭವಾದಾಗ ಪ್ರೇಕ್ಷಕರು ಹಣ ತೆತ್ತೇ ಮೈದಾನವನ್ನು ಪ್ರವೇಶಿಸುತ್ತಿದ್ದರು. ಅಂದಮೇಲೆ ವಾಣಿಜ್ಯವು ಈ ಆಟಕ್ಕೆ ಹೊಸಬನಲ್ಲ. ಹಾಗಾದರೆ ಬಹುಕಾಲದ ಅಭಿಮಾನಿಗಳ ಅಳಲಿಗೆ ಆಧಾರವೇ ಇಲ್ಲವೆ? ಇದೆ, ಆದರೆ ಅದನ್ನು ಬೇರೆಡೆಯಲ್ಲಿ ಹುಡುಕಬೇಕೆಂಬುದು ನಮ್ಮ ಅಭಿಮತ.

ಹಳೆಯ ವ್ಯವಸ್ಥೆಯಲ್ಲಿ ಹಣಕ್ಕೆ ಸ್ಥಾನವಿದ್ದಂತೆ ಮಿತಿಯೂ ಇತ್ತು. ಕ್ಲಬ್ಬುಗಳು ಕಂಪೆನಿಗಳಾಗಿ ನೋಂದಣಿಯಾದುವು, ನಿಜ. ಆದರೆ ಷೇರುದಾರರಿಗೆ ಹಂಚಬಹುದಾದ ಲಾಭಾಂಶಕ್ಕೆ ಅಸೋಸಿಯೇಷನ್ನು ಮೊದಲಿಗೆ ಶೇಕಡಾ 5ರ ಮಿತಿಯನ್ನು ವಿಧಿಸಿತ್ತು. ನಿರ್ದೇಶಕರು ಸಂಬಳ ಪಡೆಯುವಂತೆಯೂ ಇರಲಿಲ್ಲ. ಒಡೆಯನು ಹೆಸರಿಗೆ ಒಡೆಯ, ಕಾರ್ಯದಲ್ಲಿ ಧರ್ಮದರ್ಶಿ. ಈ ಧರ್ಮದರ್ಶಿಗಳೆಲ್ಲರೂ ಸಜ್ಜನರೆಂದಾಗಲಿ, ಅಭಿಮಾನಿಗಳ ಮಾತಿಗೆ ಕಿವಿಗೊಟ್ಟರೆಂದಾಗಲಿ ನಾವು ಹೇಳುತ್ತಿಲ್ಲ. ಕ್ಲಬ್ಬೆಂಬುದು ಲಾಭದ ವಸ್ತುವಲ್ಲವೆಂಬ ಕಲ್ಪನೆ ನಿಯಮದಲ್ಲಿ ನೆಲೆಗೊಂಡಿತ್ತೆಂದಷ್ಟೇ ಇಲ್ಲಿಯ ತಾತ್ಪರ್ಯ. 1983ರಲ್ಲಿ ಟಾಟನ್‌ಹ್ಯಾಮ್ ಹಾಟ್ಸ್ಪರ್ ಕ್ಲಬ್ಬಿನ ಒಡೆಯರು ಕ್ಲಬ್ಬಿನ ಮೇಲೊಂದು ಬೇರೆ ಕಂಪೆನಿಯನ್ನು ಸ್ಥಾಪಿಸಿ, ಅದರ ಷೇರುಗಳನ್ನು ಲಂಡನ್ನಿನ ಷೇರುಪೇಟೆಯಲ್ಲಿ ಮಾರಿದರು. ಆ ಕಂಪೆನಿಗೆ ಅಸೋಸಿಯೇಷನ್ನಿನ ನಿಯಮ ಅನ್ವಯಿಸುತ್ತಿರಲಿಲ್ಲ. ಮಿತಿಯು ಕಾಗದದಲ್ಲಿ ಉಳಿದು ಆಚರಣೆಯಲ್ಲಿ ಸಡಿಲವಾಯಿತು. 1992ರಲ್ಲಿ ಪ್ರೀಮಿಯರ್ ಲೀಗ್ ಪ್ರತ್ಯೇಕವಾಗಿ, ದೂರದರ್ಶನ ಪ್ರಸಾರದ ಹಣ ಹರಿದುಬಂದ ಮೇಲೆ ಆ ಹಳೆಯ ಕಲ್ಪನೆ ಮತ್ತಷ್ಟು ಕುಗ್ಗಿತು.

ಈ ಪರಿವರ್ತನೆಯ ಫಲವನ್ನು ಅತ್ಯಂತ ಸ್ಪಷ್ಟವಾಗಿ ತೋರಿಸುವ ನಿದರ್ಶನ ವಿಂಬಲ್ಡನ್ ಕ್ಲಬ್ಬಿನದು. 1889ರಲ್ಲಿ ಹುಟ್ಟಿದ ಈ ಕ್ಲಬ್ಬು 1912ರಿಂದ ನೈಋತ್ಯ ಲಂಡನ್ನಿನ ಪ್ಲೌ ಲೇನ್ ಮೈದಾನದಲ್ಲಿ ಆಡುತ್ತಿತ್ತು. 1977ರಲ್ಲಷ್ಟೇ ಲೀಗ್ ಪ್ರವೇಶಿಸಿ, 1986ರಲ್ಲಿ ಮೊದಲನೆಯ ಶ್ರೇಣಿಗೇರಿ, 1988ರಲ್ಲಿ ಲಿವರ್‌ಪೂಲ್ ತಂಡವನ್ನು ಸೋಲಿಸಿ ಎಫ್.ಎ. ಕಪ್ಪನ್ನು ಗೆದ್ದಿತು. 1989ರ ಹಿಲ್ಸ್‌ಬರೊ ದುರಂತದ ತರುವಾಯ, ಮೇಲಿನ ಶ್ರೇಣಿಗಳ ಕ್ರೀಡಾಂಗಣಗಳಲ್ಲಿ ಎಲ್ಲ ಪ್ರೇಕ್ಷಕರಿಗೂ ಆಸನಗಳಿರಬೇಕೆಂಬ ನಿಯಮ ಬಂದಿತು. ಹಳೆಯ ಮೈದಾನವನ್ನು ಅದಕ್ಕೆ ತಕ್ಕಂತೆ ಪರಿವರ್ತಿಸುವುದು ಅಸಾಧ್ಯವೆಂದು ಬಗೆದು, ಆಡಳಿತದವರು 1991ರಲ್ಲಿ ಸೆಲ್ಹರ್ಸ್ಟ್ ಪಾರ್ಕಿನಲ್ಲಿ ಬೇರೊಂದು ಕ್ಲಬ್ಬಿನ ಬಿಡಾರದಲ್ಲಿ ತಂಗಿದರು. 1998ರಲ್ಲಿ ಪ್ಲೌ ಲೇನಿನ ನೆಲವು ಒಂದು ಅಂಗಡಿಸಂಸ್ಥೆಗೆ ಮಾರಾಟವಾಯಿತು. 2001ರಲ್ಲಿ ಕ್ಲಬ್ಬನ್ನೇ ಸುಮಾರು 90 ಕಿಲೋಮೀಟರು ದೂರದ ಮಿಲ್ಟನ್ ಕೀನ್ಸ್ ನಗರಕ್ಕೆ ಒಯ್ಯುವ ಯೋಜನೆ ಪ್ರಕಟವಾಯಿತು. ಲೀಗ್ ಮಂಡಳಿ ಮೊದಲು ನಿರಾಕರಿಸಿತಾದರೂ, 2002ರ ಮೇ 28ರಂದು ಅಸೋಸಿಯೇಷನ್ನು ನೇಮಿಸಿದ ಮೂವರ ಆಯೋಗವು ಇಬ್ಬರ ಬಹುಮತದಿಂದ ಅದಕ್ಕೆ ಅನುಮತಿ ನೀಡಿತು.

ಈ ತೀರ್ಪನ್ನು ಬರಿಯ ದುಷ್ಟತನವೆಂದು ತಳ್ಳಿಹಾಕುವುದು ವಿಮರ್ಶಕನಿಗೆ ಸಲ್ಲದು. ಕ್ಲಬ್ಬು ನಷ್ಟದಲ್ಲಿತ್ತು, ಅದಕ್ಕೆ ಸ್ವಂತ ಮೈದಾನವಿರಲಿಲ್ಲ, 1967ರಲ್ಲಿ ಯೋಜಿಸಲ್ಪಟ್ಟ ಆ ಹೊಸ ನಗರದಲ್ಲಿ ಜನವಿತ್ತು, ಸ್ಥಳವಿತ್ತು, ಲೀಗ್ ಕ್ಲಬ್ಬು ಮಾತ್ರ ಇರಲಿಲ್ಲ. ಸ್ಥಳಾಂತರವಾಗದಿದ್ದರೆ ಕ್ಲಬ್ಬು ಸಾಯುವುದೆಂಬ ವಾದದಲ್ಲಿ ಸತ್ಯಾಂಶವಿತ್ತು. ಆದರೆ ಈ ವಾದವು ಸಿದ್ಧಪಡಿಸಬೇಕಾದುದನ್ನೇ ಮುಂಚಿತವಾಗಿ ಒಪ್ಪಿಕೊಂಡಿದೆ. ಕ್ಲಬ್ಬೆಂದರೆ ಕಂಪೆನಿ ಮತ್ತು ಲೀಗಿನಲ್ಲಿ ಅದಕ್ಕಿರುವ ಸ್ಥಾನ ಎಂದಾದರೆ ಮಾತ್ರ ಅದು ಬೇರೂರಿಗೆ ಹೋಗಿ ಬದುಕಬಲ್ಲದು. ಊರು, ಜನ, ನೆನಪು ಇವೂ ಕ್ಲಬ್ಬಿನ ಅಂಗಗಳೆಂದಾದರೆ, ಬದುಕಿಸುವ ಹೆಸರಿನಲ್ಲಿ ನಡೆದ ಆ ಸ್ಥಳಾಂತರವೇ ಅದರ ಅಂತ್ಯ.

ಇಲ್ಲಿ ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ನರು 1970ರಲ್ಲಿ ಮಂಡಿಸಿದ ವಿಚಾರವು ನೆರವಿಗೆ ಬರುತ್ತದೆ. ಸಂಸ್ಥೆಯೊಂದು ಕೆಡುತ್ತಿರುವಾಗ ಅದರ ಜನಕ್ಕೆ ಎರಡು ದಾರಿಗಳಿವೆ: ಬಿಟ್ಟುಹೋಗುವುದು, ಇಲ್ಲವೆ ಒಳಗಿದ್ದು ದನಿಯೆತ್ತುವುದು. ನಿಷ್ಠೆಯು ನಿರ್ಗಮನವನ್ನು ತಡೆದು ದನಿಗೆ ಬಲಕೊಡುತ್ತದೆ. ಸಾಮಾನ್ಯ ಗಿರಾಕಿಯು ಒಂದು ಅಂಗಡಿಯನ್ನು ಬಿಟ್ಟು ಇನ್ನೊಂದಕ್ಕೆ ಹೋಗಬಲ್ಲನು, ಅಭಿಮಾನಿಯು ಹೋಗಲಾರನು. ಟಿಕೆಟ್ಟಿನ ಬೆಲೆ ಏರಿದರೂ, ಪ್ರಸಾರದವರ ಅನುಕೂಲಕ್ಕಾಗಿ ಪಂದ್ಯದ ವೇಳೆ ಬದಲಾದರೂ ಅವನು ಬಂದೇ ಬರುವನು. ಆದಕಾರಣ ಅವನ ನಿಷ್ಠೆಯೇ ಒಡೆಯನ ಲೆಕ್ಕದಲ್ಲಿ ಖಚಿತ ಆದಾಯವಾಗಿ ನಿಲ್ಲುತ್ತದೆ. ವಾಣಿಜ್ಯೀಕರಣದ ನಿಜವಾದ ಪೆಟ್ಟು ಇದೇ. ಅಭಿಮಾನಿಯನ್ನು ಗಿರಾಕಿಯೆಂದು ಕರೆದು, ಗಿರಾಕಿಗಿರುವ ಒಂದೇ ರಕ್ಷಣೆಯನ್ನು, ಅಂದರೆ ಬೇರೆಡೆಗೆ ಹೋಗುವ ಸ್ವಾತಂತ್ರ್ಯವನ್ನು, ಅವನು ಬಳಸಲಾರನೆಂಬ ಧೈರ್ಯದ ಮೇಲೆ ವ್ಯಾಪಾರ ನಡೆಸುವುದು.

ಆದರೆ ವಿಂಬಲ್ಡನ್ನಿನ ಜನ ಹೋದರು. ಹರ್ಷ್‌ಮನ್ನರ ವಿವರಣೆಯನ್ನು ನಾವು ಇಲ್ಲಿ ತಿದ್ದಿಕೊಳ್ಳಬೇಕಾಗುತ್ತದೆ. ಏಕೆಂದರೆ ಇಲ್ಲಿ ನಿರ್ಗಮನವೇ ನಿಷ್ಠೆಯ ರೂಪವಾಯಿತು. ತೀರ್ಪು ಬಂದ ಕೆಲವೇ ವಾರಗಳಲ್ಲಿ ಅವರು ಎ.ಎಫ್.ಸಿ. ವಿಂಬಲ್ಡನ್ ಎಂಬ ಕ್ಲಬ್ಬನ್ನು ಸ್ಥಾಪಿಸಿ, ಊರ ಬಯಲಿನಲ್ಲಿ ಆಟಗಾರರನ್ನು ಪರೀಕ್ಷಿಸಿ ಆರಿಸಿ, ಎಷ್ಟೋ ಮೆಟ್ಟಿಲು ಕೆಳಗಿನ ಪ್ರಾದೇಶಿಕ ಲೀಗೊಂದರಲ್ಲಿ ಆಟ ಆರಂಭಿಸಿದರು. 2002–03ರಲ್ಲಿ ಈ ಹೊಸ ಕ್ಲಬ್ಬಿನ ಪಂದ್ಯಗಳಿಗೆ ಸೇರಿದ ಸರಾಸರಿ ಜನಸಂಖ್ಯೆ, ಎರಡನೆಯ ಶ್ರೇಣಿಯಲ್ಲಿ ಆಡುತ್ತಿದ್ದ ಹಳೆಯ ಕ್ಲಬ್ಬಿನದನ್ನು ಮೀರಿತು. 2011ರಲ್ಲಿ ಅದು ಲೀಗನ್ನು ಪ್ರವೇಶಿಸಿತು. ಹಳೆಯ ಕಂಪೆನಿಯಾದರೋ 2003ರಲ್ಲಿ ಸಾಲದ ಆಡಳಿತಾಧಿಕಾರಿಗಳ ಕೈಗೆ ಸಿಕ್ಕಿ, ಅದೇ ವರ್ಷ ಮಿಲ್ಟನ್ ಕೀನ್ಸಿಗೆ ಹೋಗಿ, 2004ರಲ್ಲಿ ಕೈಬದಲಾಗಿ ಹೆಸರನ್ನೂ ಬದಲಿಸಿಕೊಂಡಿತು.

ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಇದರ ಮುಂದಿನ ಘಟನೆಯೇ ಅತ್ಯಂತ ಮುಖ್ಯವಾದುದು. 2007ರಲ್ಲಿ ಮಿಲ್ಟನ್ ಕೀನ್ಸ್ ಡಾನ್ಸ್ ಕ್ಲಬ್ಬು ವಿಂಬಲ್ಡನ್ ಕಾಲದ ಚರಿತ್ರೆಯ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟು, 1988ರ ಕಪ್ಪಿನ ಪ್ರತಿಕೃತಿಯೇ ಮೊದಲಾದ ಸ್ಮಾರಕಗಳನ್ನು ವಿಂಬಲ್ಡನ್ನಿಗೆ ಸೇರಿದ ಮರ್ಟನ್ ಪುರಸಭೆಗೆ ಒಪ್ಪಿಸಿತು. ಅಭಿಮಾನಿಗಳ ಸಂಘಟನೆಗಳು ಬಹುಕಾಲ ಒತ್ತಾಯಿಸಿದ ಮೇಲೆ ಬಂದ ಫಲವಿದು. ಲೀಗಿನ ಸ್ಥಾನವನ್ನು ಮಾರಬಹುದು, ಆಟಗಾರರ ಒಪ್ಪಂದಗಳನ್ನು ವರ್ಗಾಯಿಸಬಹುದು. ಗೆಲುವಿನ ನೆನಪು ಮಾತ್ರ ಅದನ್ನು ಕಂಡ ಜನರೊಡನೆ ಉಳಿಯಿತೆಂದು ಎದುರುಪಕ್ಷವೇ ಒಪ್ಪಿಕೊಂಡಂತಾಯಿತು.

ಹೀಗೆಂದು ಅಭಿಮಾನಿಗಳ ಒಡೆತನವೇ ಸರ್ವರೋಗಕ್ಕೆ ಮದ್ದೆಂದು ಸಾರುವುದು ತಪ್ಪಾದೀತು. ಈ ಹೊಸ ಕ್ಲಬ್ಬು 2003ರಲ್ಲಿ ಕಿಂಗ್ಸ್‌ಮೆಡೊ ಮೈದಾನದ ಗುತ್ತಿಗೆಯನ್ನು ಪಡೆಯಿತು. ಅಲ್ಲಿ ಮೊದಲಿನಿಂದ ಆಡುತ್ತಿದ್ದ ಕಿಂಗ್ಸ್ಟೋನಿಯನ್ ಎಂಬ ಚಿಕ್ಕ ಕ್ಲಬ್ಬು ಅದರ ಬಾಡಿಗೆದಾರನಾಯಿತು. ಪ್ಲೌ ಲೇನಿಗೆ ಮರಳುವ ವೆಚ್ಚಕ್ಕಾಗಿ ಆ ಮೈದಾನವನ್ನು ಚೆಲ್ಸಿ ಕ್ಲಬ್ಬಿಗೆ ಮಾರಿದಾಗ, ಕಿಂಗ್ಸ್ಟೋನಿಯನ್ 2017ರಲ್ಲಿ ಅಲ್ಲಿಂದ ಹೊರಡಬೇಕಾಯಿತು. ವಿಂಬಲ್ಡನ್ನಿನ ಜನ 2020ರಲ್ಲಿ ತಮ್ಮ ಹಳೆಯ ಬೀದಿಯ ಹೊಸ ಕ್ರೀಡಾಂಗಣವನ್ನು ಸೇರಿದರು. ಅವರ ಮರಳುವಿಕೆಯ ಬೆಲೆಯ ಒಂದು ಭಾಗವನ್ನು ಬೇರೆ ನಿಷ್ಠಾವಂತರು ತೆತ್ತರು. ಅಭಿಮಾನಿಗಳ ಒಡೆತನವು ಒಡೆಯರನ್ನು ಬದಲಿಸುತ್ತದೆ. ನೆಲದ ಬೆಲೆಯನ್ನು ಬದಲಿಸಲಾರದು. ಈ ಸಂಗತಿಯನ್ನು ಬಿಟ್ಟು ಬರೆದ ವಿಂಬಲ್ಡನ್ ಚರಿತ್ರೆ ಸ್ತುತಿಪಾಠವಾದೀತೇ ಹೊರತು ಚರಿತ್ರೆಯಾಗಲಾರದು.

2025ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಾಲ್ಚೆಂಡಾಟದ ಆಡಳಿತಕ್ಕಾಗಿ ಒಂದು ಶಾಸನವನ್ನು ಅಂಗೀಕರಿಸಿತು. ಅದರ ಮೇರೆಗೆ ಸ್ವತಂತ್ರ ನಿಯಂತ್ರಕರ ಒಪ್ಪಿಗೆಯಿಲ್ಲದೆ ಕ್ಲಬ್ಬುಗಳು ತಮ್ಮ ಮೈದಾನವನ್ನು ಮಾರುವಂತಿಲ್ಲ, ಸ್ಥಳಾಂತರಿಸುವಂತಿಲ್ಲ. ಅಭಿಮಾನಿಗಳೊಡನೆ ಸಮಾಲೋಚಿಸುವ ಹೊಣೆಯೂ ಅವುಗಳ ಮೇಲಿದೆ. ಇದನ್ನು ಹೊಸ ಆವಿಷ್ಕಾರವೆನ್ನುವುದಕ್ಕಿಂತ, 1983ರಲ್ಲಿ ಸಡಿಲವಾದ ಕಟ್ಟನ್ನು ಬೇರೆ ಹಗ್ಗದಿಂದ ಮತ್ತೆ ಬಿಗಿಯುವ ಯತ್ನವೆನ್ನುವುದು ಹೆಚ್ಚು ಯುಕ್ತ. ಹಳೆಯ ಮಿತಿಯು ಒಡೆಯನ ಲಾಭವನ್ನು ಮಾತ್ರ ತಡೆದಿತ್ತು; ಹೊಸದು ಊರಿನ ಹಕ್ಕನ್ನು ಹೆಸರಿಸಿದೆ. ಆ ಹಕ್ಕು ಎಷ್ಟರಮಟ್ಟಿಗೆ ನಡೆಯುವುದೆಂಬುದನ್ನು ಮುಂದಿನ ಪ್ರಕರಣಗಳಿಂದಲೇ ನಿರ್ಣಯಿಸಬೇಕಾಗಿದೆ. ಅದನ್ನು ಪರೀಕ್ಷಿಸುವವರು ಕ್ಲಬ್ಬುಗಳ ಲೆಕ್ಕಪತ್ರಗಳಷ್ಟನ್ನೇ ನೋಡದೆ, ಮೈದಾನ ಬದಲಾದಾಗ ಹಿಂದುಳಿದ ಜನರನ್ನೂ ವಿಚಾರಿಸಬೇಕೆಂದು ನಾವು ಬಯಸುತ್ತೇವೆ.