ಸಿಲ್ವಿಯಾಳ ಮನೆಯ ನಳ

ಈ ಪುಸ್ತಕವನ್ನು ನನಗೆ ತಂದುಕೊಟ್ಟವನು ನನ್ನ ತಮ್ಮ. ಪುಣೆಯಲ್ಲಿ ನೌಕರಿ ಮಾಡುವ ಅವನು ದೀಪಾವಳಿಗೆ ಜಮಖಂಡಿಗೆ ಬಂದವನು ಚೀಲದಿಂದ ಅದನ್ನು ತೆಗೆದು, “ಅಕ್ಕಾ, ನೀ ಗಾಡಿ ಬಿಚ್ಚಿ ಕೂಡಿಸಾಕಿ. ಇದನ್ನ ನೀ ಓದಾಕ ಬೇಕು ನೋಡು” ಎಂದ. ‘ಝೆನ್ ಅಂಡ್ ದಿ ಆರ್ಟ್ ಆಫ್ ಮೋಟಾರ್‌ಸೈಕಲ್ ಮೇಂಟೆನನ್ಸ್’ ಎಂಬ ಉದ್ದ ಹೆಸರಿನ ಇಂಗ್ಲಿಷ್ ಪುಸ್ತಕ. 1974ರಲ್ಲಿ ಪ್ರಕಟವಾದದ್ದು. ಬರೆದವರು ಅಮೆರಿಕದ ರಾಬರ್ಟ್ ಪಿರ್ಸಿಗ್. ಅವರು 2017ರಲ್ಲಿ ತೀರಿಕೊಂಡರು. ಮಧ್ಯಾಹ್ನದ ಊಟವಾಗಿ ಪಾತ್ರೆ ತೊಳೆದಿಟ್ಟ ಮೇಲೆ ದಿನಕ್ಕೆ ನಾಲ್ಕೈದು ಪುಟದಂತೆ, ಪಕ್ಕದಲ್ಲಿ ಶಬ್ದಕೋಶ ಇಟ್ಟುಕೊಂಡು, ಸಂಕ್ರಾಂತಿ ದಾಟಿದರೂ ಓದುತ್ತಲೇ ಇದ್ದೆ.

ಕಥೆ ಸಣ್ಣದು. ಒಬ್ಬ ತಂದೆ, ಹನ್ನೊಂದು ವರ್ಷದ ಅವನ ಮಗ ಕ್ರಿಸ್, ಗೆಳೆಯ ಜಾನ್ ಮತ್ತು ಜಾನನ ಹೆಂಡತಿ ಸಿಲ್ವಿಯಾ ಎರಡು ಮೋಟಾರ್‌ಸೈಕಲ್ಲುಗಳ ಮೇಲೆ ಮಿನ್ನೆಸೋಟಾದಿಂದ ಪಶ್ಚಿಮಕ್ಕೆ ಹೊರಡುತ್ತಾರೆ. ಗೆಳೆಯರು ಅರ್ಧ ದಾರಿಯಲ್ಲಿ ತಿರುಗಿ ಹೋಗುತ್ತಾರೆ, ತಂದೆ ಮಗ ಕ್ಯಾಲಿಫೋರ್ನಿಯಾ ಮುಟ್ಟುತ್ತಾರೆ. ತಂದೆ ತನ್ನ ಗಾಡಿಯನ್ನು ತಾನೇ ರಿಪೇರಿ ಮಾಡಿಕೊಳ್ಳುವವನು. ಜಾನನಿಗೆ ಪಾನಾ ಮುಟ್ಟಲು ಮನಸ್ಸಿಲ್ಲ, ಮುಟ್ಟುವ ಮಾತು ಬಂದರೂ ಸಿಟ್ಟು. ಅವನ ದುಬಾರಿ ಗಾಡಿಯ ಹ್ಯಾಂಡಲ್ ಸಡಿಲಾದಾಗ ಗೆಳೆಯ, ಬಿಯರಿನ ಡಬ್ಬಿಯಿಂದ ಒಂದು ತಗಡಿನ ಪಟ್ಟಿ ಕತ್ತರಿಸಿ ನಡುವೆ ತುರುಕಿದರೆ ಸಾಕು ಎನ್ನುತ್ತಾನೆ. ಜಾನನಿಗೆ ಅದು ಅವಮಾನ. ಇಷ್ಟು ದುಡ್ಡು ಕೊಟ್ಟ ಗಾಡಿಗೆ ಹಳೇ ಡಬ್ಬಿಯ ತಗಡೇ?

ಇಲ್ಲಿಗೆ ಬಂದಾಗ ನಾನು ಒಬ್ಬಳೇ ನಕ್ಕೆ. ನಮ್ಮ ಕಡೆ ಇದನ್ನು ಯಾರೂ ಅವಮಾನ ಎಂದುಕೊಳ್ಳುವುದಿಲ್ಲ. ಸೈಕಲ್ಲಿನ ಹಳೇ ಟ್ಯೂಬಿನಿಂದ ವಾಸರ್ ಕತ್ತರಿಸುವುದು, ಎಣ್ಣೆ ಡಬ್ಬಿಯ ತಗಡಿನಿಂದ ತೇಪೆ ಹಾಕುವುದು ಮುಧೋಳದ ಕಬ್ಬಿನ ಹೊಲಗಳಲ್ಲಿಯೂ ಬನಹಟ್ಟಿಯ ಮಗ್ಗದ ಮನೆಗಳಲ್ಲಿಯೂ ದಿನದ ಮಾತು. ಪಿರ್ಸಿಗ್ ಇದರಿಂದ ದೊಡ್ಡ ತತ್ತ್ವವನ್ನೇ ಎಬ್ಬಿಸುತ್ತಾರೆ. ಒಂದೇ ತಗಡನ್ನು ಒಬ್ಬ ಕಸವಾಗಿ ನೋಡುತ್ತಾನೆ, ಇನ್ನೊಬ್ಬ ಅದರ ಗುಣ ನೋಡುತ್ತಾನೆ ಎನ್ನುತ್ತಾರೆ. ಒಪ್ಪತಕ್ಕ ಮಾತು.

ಪುಸ್ತಕದಲ್ಲಿ ಒಪ್ಪತಕ್ಕದ್ದು ಇನ್ನೂ ಬಹಳ ಇದೆ. ಗಾಡಿಯನ್ನು ಬಿಚ್ಚುವಾಗ ನೆಲದ ಮೇಲೆ ಪತ್ರಿಕೆ ಹಾಸಿ, ಬಿಚ್ಚಿದ ಭಾಗಗಳನ್ನು ಪುಟ ಓದುವ ಕ್ರಮದಲ್ಲಿಯೇ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಗೆ ಇಡಬೇಕು ಎನ್ನುತ್ತಾರೆ. ಬಿಚ್ಚಿದ ಕ್ರಮವನ್ನು ಒಂದು ವಹಿಯಲ್ಲಿ ಬರೆದಿಡಬೇಕು ಎನ್ನುತ್ತಾರೆ. ಒಂದು ಸ್ಕ್ರೂ ಕಚ್ಚಿಕೊಂಡು ಅದರ ತಲೆ ಹರಿದುಹೋದರೆ, ಆ ಹೊತ್ತಿಗೆ ಇಡೀ ಗಾಡಿಯ ಬೆಲೆ ಆ ಒಂದು ಸ್ಕ್ರೂವಿನ ಬೆಲೆಯೇ ಎನ್ನುತ್ತಾರೆ. ಕೈ ನೋಯಿಸಿಕೊಂಡು ಕೂತವರಿಗೆ ಮಾತ್ರ ತಿಳಿಯುವ ಸತ್ಯ ಇದು.

ಆದರೆ ನನ್ನ ತಕರಾರು ಇರುವುದು ಮೊದಲನೆಯ ಅಧ್ಯಾಯದಲ್ಲಿಯೇ ಬರುವ ಒಂದು ನಳದ ಬಗ್ಗೆ.

ಜಾನ್ ಮತ್ತು ಸಿಲ್ವಿಯಾರ ಮನೆಯಲ್ಲಿ ಒಂದು ನಳ ತೊಟ್ಟಿಕ್ಕುತ್ತಿರುತ್ತದೆ. ಜಾನ್ ಒಮ್ಮೆ ವಾಸರ್ ಬದಲಿಸಿ ನೋಡಿದ, ನಿಲ್ಲಲಿಲ್ಲ, ಕೈಬಿಟ್ಟ. ಸಿಲ್ವಿಯಾ ಮಾತಾಡುವಾಗಲೆಲ್ಲ ಹಿಂದೆ ಆ ಸಪ್ಪಳ. ಮಕ್ಕಳ ಮೇಲೆ ಅವಳು ರೇಗಿದಾಗ ಲೇಖಕನಿಗೆ ಹೊಳೆಯುತ್ತದೆ: ಇವಳು ನುಂಗಿಕೊಂಡಿರುವುದು ನಳದ ಮೇಲಿನ ಸಿಟ್ಟು. ಎಷ್ಟು ಸೂಕ್ಷ್ಮವಾದ ಕಣ್ಣು! ಮೆಚ್ಚಿದೆ. ಆದರೆ ಮುಂದೆ? ಮುಂದೆ ಇಡೀ ಪುಸ್ತಕದಲ್ಲಿ ಆ ನಳ ಜಾನನ ಸ್ವಭಾವಕ್ಕೆ ಉದಾಹರಣೆಯಾಗುತ್ತದೆ, ಯಂತ್ರದ ಮೇಲೆ ಮನುಷ್ಯನಿಗಿರುವ ಅಸಹನೆಗೆ ಉದಾಹರಣೆಯಾಗುತ್ತದೆ. ಸಿಲ್ವಿಯಾಳ ಕೈಗೆ ಒಂದು ಪಾನಾ ಕೊಟ್ಟರೆ ಹೇಗೆ ಎಂದು ಮಾತ್ರ ಲೇಖಕನಿಗೆ ಹೊಳೆಯುವುದೇ ಇಲ್ಲ. ಯಂತ್ರವನ್ನು ಪ್ರೀತಿಯಿಂದ ನೋಡಿರಿ ಎಂದು ನಾನೂರು ಪುಟ ಬರೆದವರಿಗೆ, ಹಿಂದಿನ ಸೀಟಿನಲ್ಲಿ ಕೂತ ಹೆಂಗಸಿಗೂ ಎರಡು ಕೈಗಳಿವೆ ಎಂಬುದು ನೆನಪಾಗಲಿಲ್ಲ.

ಆ ನಳ ಯಾಕೆ ನಿಲ್ಲಲಿಲ್ಲ ಎಂಬುದನ್ನು ನಾನು ಅಂದಾಜು ಮಾಡಬಲ್ಲೆ. ವಾಸರ್ ಕೂಡುವ ಹಿತ್ತಾಳೆಯ ಅಂಚು ಸವೆದು ಗೀರು ಬಿದ್ದಿದ್ದರೆ ಎಷ್ಟು ವಾಸರ್ ಬದಲಿಸಿದರೂ ನೀರು ಸೋರುತ್ತದೆ. ಅಂಚನ್ನು ಉಜ್ಜಿ ಸಮ ಮಾಡಬೇಕು, ಇಲ್ಲವೆ ನಳ ಬದಲಿಸಬೇಕು. ಇದನ್ನು ನನಗೆ ಯಾವ ಪುಸ್ತಕವೂ ಹೇಳಿಕೊಡಲಿಲ್ಲ. ಇಂಥದ್ದನ್ನೆಲ್ಲ ನಾನು ಕಲಿತದ್ದು ಬಹಳ ತಡವಾಗಿ, ಕಲಿಯದೆ ಗತಿಯಿಲ್ಲ ಎಂದಾದ ಮೇಲೆ.

ಮದುವೆಯಾಗಿ ಹದಿನಾಲ್ಕು ವರ್ಷ ನಾನು ಬ್ಯಾಟರಿ ಹಿಡಿದವಳು. ನಮ್ಮ ಯಜಮಾನರು ಹಿತ್ತಲಲ್ಲಿ ಕೂತು ಮೊಪೆಡ್ ಬಿಚ್ಚುತ್ತಿದ್ದರು, ಬಾವಿಯ ಮೋಟಾರು ಬಿಚ್ಚುತ್ತಿದ್ದರು, ಔಷಧ ಹೊಡೆಯುವ ಪಂಪು ಬಿಚ್ಚುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ಬ್ಯಾಟರಿ ಬಿಡುತ್ತಿದ್ದೆ. “ಇಲ್ಲಿ ಅಲ್ಲ, ಇಲ್ಲಿ ಹಿಡಿ” ಎನ್ನುತ್ತಿದ್ದರು. ಹಿಡಿಯುತ್ತಿದ್ದೆ. ಬೆಳಕು ಎಲ್ಲಿ ಬೀಳಬೇಕು ಎಂದು ತಿಳಿಯುತ್ತಿತ್ತು, ಬೆಳಕು ಬಿದ್ದಲ್ಲಿ ಏನಾಗುತ್ತಿದೆ ಎಂದು ಕೇಳಿರಲಿಲ್ಲ. ಅವರೂ ಹೇಳಿರಲಿಲ್ಲ. ಕೆಟ್ಟ ಮನುಷ್ಯರಲ್ಲ ಅವರು. ಹೇಳಬೇಕು ಎಂದು ಅವರಿಗೂ ಹೊಳೆದಿರಲಿಲ್ಲ, ಅಷ್ಟೇ.

ಅವರು ಹೋದ ಮೇಲೆ ಮೊಪೆಡ್ ಎಂಟು ತಿಂಗಳು ಅಂಗಳದಲ್ಲಿ ನಿಂತಿತ್ತು. ಬೀಳಗಿ ರಸ್ತೆಯ ಹಳ್ಳಿಯ ಶಾಲೆಗೆ ನಾನು ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಸಂಜೆ ಬಸ್ಸು ತಪ್ಪಿದರೆ ಮನೆಯಲ್ಲಿ ಮಕ್ಕಳಿಬ್ಬರೇ. ಕೊನೆಗೆ ಗಾಡಿ ಕಲಿತೆ. ಕಲಿತ ಎರಡೇ ತಿಂಗಳಿಗೆ ಅದು ಹೊಗೆ ಕಾರಿ ದಾರಿಯಲ್ಲಿ ನಿಂತಿತು. ತಳ್ಳಿಕೊಂಡು ಒಂದು ಗ್ಯಾರೇಜಿಗೆ ಒಯ್ದರೆ ಮಿಸ್ತ್ರಿ ಕಿಕ್ ಕೂಡ ಹೊಡೆಯದೆ, “ಅಕ್ಕಾರ, ಎಂಜಿನ್ ಹೋಗೇತ್ರಿ. ಬೋರ್ ಮಾಡಿಸಬೇಕು. ನಿಮಗ ಹೇಳಿದ್ರ ತಿಳಿಯೂದಿಲ್ಲ ಬಿಡ್ರಿ” ಎಂದ. ಅವನು ಹೇಳಿದ್ದು ನನ್ನ ಅರ್ಧ ತಿಂಗಳ ಪಗಾರ. ಕಣ್ಣಲ್ಲಿ ನೀರು ಬಂತು. ಗಾಡಿಯನ್ನು ಮನೆಗೇ ತಳ್ಳಿಕೊಂಡು ಬಂದೆ.

ಆ ರಾತ್ರಿ ಟ್ರಂಕಿನಿಂದ ಗಾಡಿಯ ಕೈಪಿಡಿ ತೆಗೆದೆ. ಅದೂ ಇಂಗ್ಲಿಷಿನದೇ. ಆದರೆ ಹಳೇ ಕಾಲದ ಪುಸ್ತಿಕೆ, ಚಿತ್ರಗಳಿದ್ದವು. ಎಂಜಿನ್ ಆರಿದ ಮೇಲೆ ಪ್ಲಗ್ಗಿನ ಟೊಪ್ಪಿಗೆ ಎಳೆಯುವುದು, ಪ್ಲಗ್ ಪಾನಾದಿಂದ ಎಡಕ್ಕೆ ತಿರುಗಿಸಿ ಬಿಚ್ಚುವುದು. ಬಿಚ್ಚಿದೆ. ತುದಿ ಕರ್ರಗೆ, ಎಣ್ಣೆ ಮಸಿ ಹತ್ತಿ, ಒಲೆಯ ಮೇಲಿನ ಗಡಿಗೆಯ ತಳದಂತೆ ಇತ್ತು. ತುದಿ ಕಂದು ಬಣ್ಣಕ್ಕಿದ್ದರೆ ಎಂಜಿನ್ ಆರೋಗ್ಯ, ಬೆಳ್ಳಗಿದ್ದರೆ ಪೆಟ್ರೋಲು ಸಾಲದು, ಎಣ್ಣೆ ಮಸಿ ಹತ್ತಿದ್ದರೆ ಆಯಿಲ್ ಹೆಚ್ಚಾಗಿದೆ ಎಂದು ಕೈಪಿಡಿ ಹೇಳಿತು. ಎರಡು ಸ್ಟ್ರೋಕಿನ ಆ ಗಾಡಿಗೆ ಪೆಟ್ರೋಲಿನಲ್ಲಿಯೇ ಆಯಿಲ್ ಬೆರೆಸಬೇಕು. ಎಷ್ಟು ಎಂದು ತಿಳಿಯದೆ, ಒಗ್ಗರಣೆಗೆ ಎಣ್ಣೆ ಹಾಕುವ ಕೈಯಿಂದ, ಒಂದಿಷ್ಟು ಹೆಚ್ಚೇ ಇರಲಿ ಎಂದು ಸುರಿದವಳು ನಾನೇ! ಪಾಲಿಶ್ ಕಾಗದದಿಂದ ತುದಿ ಉಜ್ಜಿ, ಪೆಟ್ರೋಲಿನಿಂದ ತೊಳೆದು, ಒಣಗಿಸಿ, ಮೊದಲು ಬೆರಳಿನಿಂದಲೇ ತಿರುಗಿಸಿ ಕೂಡಿಸಿ, ಆಮೇಲೆ ಪಾನಾ ಹಾಕಿದೆ. ನಾಲ್ಕನೆಯ ಕಿಕ್ಕಿಗೆ ಗಾಡಿ ಶುರುವಾಯಿತು. ಮಕ್ಕಳು ಎದ್ದು ಬಂದು ನೋಡಿದರು.

ಆದ್ದರಿಂದ ಕೈಪಿಡಿಯನ್ನೂ ನಾನು ಸಾಹಿತ್ಯವೆಂದೇ ಓದುತ್ತೇನೆ, ವಿಮರ್ಶೆಯನ್ನೂ ಮಾಡುತ್ತೇನೆ. ನನ್ನ ಹಳೆಯ ಪುಸ್ತಿಕೆಯಲ್ಲಿ ಓದುಗನೆಂದರೆ ಕೆಲಸ ಮಾಡುವವನು: ಬಿಚ್ಚಿರಿ, ಉಜ್ಜಿರಿ, ನೋಡಿರಿ. ಈಚೆಗೆ ಮಗಳು ಕೊಂಡ ಸ್ಕೂಟರಿನ ಪುಸ್ತಿಕೆ ಅದಕ್ಕಿಂತ ದಪ್ಪ, ಕಾಗದ ನುಣುಪು, ಆದರೆ ಪುಟ ಪುಟಕ್ಕೂ ಒಂದೇ ಪಲ್ಲವಿ: ಅಧಿಕೃತ ವಿತರಕರನ್ನು ಸಂಪರ್ಕಿಸಿರಿ. ಅಲ್ಲಿ ಓದುಗನೆಂದರೆ ಗಿರಾಕಿ. ಹೆಂಗಸಂತೂ ಎರಡರಲ್ಲಿಯೂ ಇಲ್ಲ. ಎಲ್ಲಿದ್ದಾಳೆ ಎಂದು ಹುಡುಕಿದರೆ ಸಿಗುವುದು ಸಾರಿ ಗಾರ್ಡಿನಲ್ಲಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮವು ಹಿಂದೆ ಕೂತವರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧದಷ್ಟನ್ನಾದರೂ ಮುಚ್ಚಬೇಕು ಎನ್ನುತ್ತದೆ. ಜೀವ ಉಳಿಸುವ ಒಳ್ಳೆಯ ನಿಯಮ. ಆದರೆ ಗಾಡಿಯ ಲೋಕಕ್ಕೆ ನಮ್ಮ ಗುರುತು ಇಷ್ಟೇ ಆಯಿತು: ಚಕ್ರಕ್ಕೆ ಸಿಕ್ಕಬಹುದಾದ ಒಂದು ಸೆರಗು.

ನಾವೇ ಮಾಡಿಕೊಳ್ಳೋಣ ಎಂಬ ಮಾತು ಈ ಸೀಮೆಗೆ ಹೊಸದಲ್ಲ. ಸರಕಾರ ಕಟ್ಟಲಿಲ್ಲ ಎಂದು ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡವಾಗಿ ರೈತರೇ ದುಡ್ಡು ಕೂಡಿಸಿ, ಶ್ರಮದಾನ ಮಾಡಿ 1989ರಲ್ಲಿ ಬ್ಯಾರೇಜು ಕಟ್ಟಿದರು. ಮುಂದೆ ನಿಂತ ಸಿದ್ದು ನ್ಯಾಮಗೌಡರಿಗೆ ‘ಬ್ಯಾರೇಜ್ ಸಿದ್ದು’ ಎಂದೇ ಹೆಸರು ಬಿತ್ತು. ರಬಕವಿ-ಬನಹಟ್ಟಿಯಲ್ಲಿ ಯಂತ್ರ ಮನೆಯೊಳಗೇ ಇದೆ. ಕಂಡಿಕೆ ಸುತ್ತುವವಳು, ಹರಿದ ಎಳೆಗೆ ಗಂಟು ಹಾಕುವವಳು ಹೆಂಗಸು. ರೊಟ್ಟಿ ಬಡಿಯುತ್ತಲೇ ಮಗ್ಗದ ಸಪ್ಪಳದಲ್ಲಿ ವ್ಯತ್ಯಾಸ ಹಿಡಿಯುವವಳೂ ಅವಳೇ. ಅಂಥ ಕಿವಿಗೆ ಪಿರ್ಸಿಗ್ ಪುಟಗಟ್ಟಲೆ ಗೌರವ ಸಲ್ಲಿಸುತ್ತಾರೆ. ನಮ್ಮಲ್ಲಿ ಅದಕ್ಕೆ ಕೌಶಲ ಎಂಬ ಹೆಸರೂ ಇಲ್ಲ. ಮಗ್ಗ ನಿಂತರೆ ಮಿಸ್ತ್ರಿಯನ್ನು ಕರೆಯಲು ಓಡುವುದು ಅವಳ ಪಾಲು. ಹೇಡಿಯನ್ನು ಬೈಯಲು ಇಂದಿಗೂ “ಕೈಗೆ ಬಳಿ ತೊಟ್ಟೀ ಏನು?” ಎನ್ನುತ್ತೇವೆ. ಬಳೆಗಾರರ ಕುಲದಲ್ಲಿ ಹುಟ್ಟಿದ ರನ್ನನ ಮುಧೋಳದಲ್ಲಿಯೂ ಹಾಗೆಯೇ ಎನ್ನುತ್ತೇವೆ!

ಹಾಗೆಂದು ಎಲ್ಲವನ್ನೂ ಮನೆಯಲ್ಲಿಯೇ ಬಿಚ್ಚಿರಿ ಎಂದು ನಾನು ಹೇಳುವುದಿಲ್ಲ. ಪಿರ್ಸಿಗ್ ಅವರಲ್ಲಿ ನನಗೆ ಕಾಣುವ ಇನ್ನೊಂದು ಕೊರತೆ ಇದೇ. ಆತ್ಮವಿಶ್ವಾಸದ ಬಗ್ಗೆ ಅವರು ಹೇಳುವಷ್ಟನ್ನು ಅಪಾಯದ ಬಗ್ಗೆ ಹೇಳುವುದಿಲ್ಲ. ಬಾವಿಯ ಪಂಪ್‌ಸೆಟ್ಟಿನ ಸ್ಟಾರ್ಟರನ್ನು ಒದ್ದೆ ಕೈಯಲ್ಲಿ ಮುಟ್ಟಬಾರದು. ಅದು ಬಲ್ಲವರ ಕೆಲಸ. ಬ್ರೇಕಿನ ಕೆಲಸವೂ ಹಾಗೆಯೇ. ಔಷಧ ಹೊಡೆಯುವ ಪಂಪಿನ ನಾಜಲ್ ಕಟ್ಟಿಕೊಂಡರೆ ಬಾಯಿಂದ ಊದುವವರನ್ನು ಕಣ್ಣಾರೆ ಕಂಡಿದ್ದೇನೆ. ಅದು ವಿಷ. ನೀರಿನಲ್ಲಿ ತೊಳೆದು, ಮೆತ್ತಗಿನ ಬ್ರಷ್ಷಿನಿಂದ ತೆಗೆಯಬೇಕು. ಪ್ಲಗ್ ಉಜ್ಜುವುದು, ಚೈನಿಗೆ ಎಣ್ಣೆ ಬಿಡುವುದು, ಗಾಳಿ ನೋಡುವುದು, ಆಯಿಲಿನ ಮಟ್ಟ ನೋಡುವುದು, ನಳದ ವಾಸರ್ ಬದಲಿಸುವುದು ಇವಿಷ್ಟು ನಮ್ಮ ಕೈಯೊಳಗಿನವು. ಉಳಿದದ್ದನ್ನು ಮಿಸ್ತ್ರಿಗೇ ಕೊಡೋಣ. ಆದರೆ ಅವನು ಏನು ಮಾಡುತ್ತಿದ್ದಾನೆ ಎಂದು ತಿಳಿದು ಕೊಡೋಣ.

ಕಾಲವೂ ಬದಲಾಗಿದೆ. 2020ರ ಏಪ್ರಿಲ್‌ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಹೊಸ ಗಾಡಿಗಳಲ್ಲಿ ಬಹುಪಾಲಿಗೆ ಕಾರ್ಬೋರೇಟರ್ ಇಲ್ಲ, ಪೆಟ್ರೋಲನ್ನು ಅಳೆದು ಸಿಂಪಡಿಸುವ ಇಂಜೆಕ್ಷನ್ ವ್ಯವಸ್ಥೆ ಇದೆ. ಹೊಗೆ ಕಡಿಮೆಯಾಯಿತು, ಒಳ್ಳೆಯದೇ. ಆದರೆ ಅದರ ರೋಗ ತಿಳಿಯಲು ಯಂತ್ರವೇ ಬೇಕು. 2022ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು. ಕೃಷಿ ಉಪಕರಣ, ಮೊಬೈಲು ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ವಿಭಾಗಗಳನ್ನು ಅದು ಹಿಡಿದುಕೊಂಡಿತು. ಕೊಂಡವರಿಗೆ ಬಿಡಿಭಾಗ ಸಿಗಬೇಕು, ಕೈಪಿಡಿ ಸಿಗಬೇಕು ಎಂಬುದು ಅದರ ತಿರುಳು. ನನ್ನದೊಂದು ಸೇರಿಕೆ ಇದೆ: ಆ ಕೈಪಿಡಿ ಕನ್ನಡದಲ್ಲಿ ಸಿಗಬೇಕು, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಸಿಗಬೇಕು. ಭಾಷೆ ಬಾರದ ಹಕ್ಕು ಟ್ರಂಕಿನ ತಳದಲ್ಲಿಯೇ ಉಳಿಯುತ್ತದೆ.

ಪುಸ್ತಕದ ಕೊನೆಗೆ ತಂದೆ ಮಗ ಹತ್ತಿರವಾಗುತ್ತಾರೆ. ಎಂಜಿನ್ನಿನ ಸಣ್ಣ ಸಪ್ಪಳವನ್ನೂ ಹಿಡಿಯುವ ತಂದೆಗೆ ಬೆನ್ನ ಹಿಂದೆ ಕೂತ ಮಗನ ಸಂಕಟ ಕೇಳಲು ಅಷ್ಟು ದೂರ ಹೋಗಬೇಕಾಯಿತು. ಆ ಭಾಗವನ್ನು ಓದುವಾಗ ನನಗೆ ದುಃಖವಾಯಿತು. ಸಿಲ್ವಿಯಾ ಮಾತ್ರ ಅರ್ಧ ದಾರಿಯಲ್ಲಿ ತಿರುಗಿ ಹೋದವಳು ಮತ್ತೆ ಬರುವುದಿಲ್ಲ. ಅವಳ ನಳದ ಗತಿ ಏನಾಯಿತೋ ಪಿರ್ಸಿಗ್ ಹೇಳುವುದಿಲ್ಲ.

ಹೋದ ತಿಂಗಳು ಬನಹಟ್ಟಿಯಲ್ಲಿ ನಾದಿನಿಯ ಮನೆಯ ನಳ ಸೋರುತ್ತಿತ್ತು. ಮೇಲಿನ ವಾಲ್ವು ಬಂದ್ ಮಾಡಿ ಕೂತೆ. ಅವಳ ಮಗಳು, ಹತ್ತನೆಯ ಇಯತ್ತೆಯವಳು, ಮೊಬೈಲಿನ ಬೆಳಕು ಹಿಡಿದು ನಿಂತಳು. ನಳದ ತಲೆ ಸಡಿಲಾದ ಮೇಲೆ, “ಬೆಳಕು ನನಗ ಕೊಡವಾ. ಪಾನಾ ನೀ ಹಿಡಿ” ಎಂದೆ.

“ಮುರದ್ರ ಏನ್ ಮಾಡೂದ್ರಿ ಅತ್ತಿ?”

“ಮುರದ್ರ ಹೊಸಾದು ತರೋಣು. ತಿರುವು.”

ತಿರುವಿದಳು.